ಒಂದು ಬಾಗಲ, ಎರಡು ಒಲಿ

ಚಿಂತಾಕಿಯ ನಮ್ಮ ಮನಿಗೆ ಬಾಗಲ ಒಂದ ಇತ್ತು, ಒಲಿ ಎರಡು ಇದ್ದವು. ಇದನ್ನ ಮೊದಲ ಹೇಳಿಬಿಡ್ತೇನಿ. ಬಾಗಲ ಒಂದ ಇದ್ದದ್ದಕ್ಕ ನಮ್ಮ ದೊಡ್ಡಪ್ಪ ನಮ್ಮನ್ನ ನುಂಗಲಿಕ್ಕ ಬಂದ. ಒಲಿ ಎರಡು ಇದ್ದದ್ದಕ್ಕ ನುಂಗಲಿಕ್ಕ ಆಗಲಿಲ್ಲ. ಸತ್ತವರ ಬಗ್ಗೆ ಹಿಂಗೆಲ್ಲ ಬರೀಬಾರದು ಅಂತ ನಮ್ಮ ಸೊಸಿ ಅಂತಾಳ. ಅವರು ಬದುಕಿದ್ದಾಗ ಮಾಡಿದ್ದನ್ನ ಹೇಳಲಿಕ್ಕ ನಾನೊಬ್ಬಾಕಿ ಉಳದೀನಿ. ನಾನೂ ಬಾಯಿ ಮುಚ್ಚಿದರ ಅವರೆಲ್ಲ ದೇವರಾಗಿಬಿಡ್ತಾರ. ಸಾಲಿ ನಾನು ಕಲತದ್ದು ಅಷ್ಟಕ್ಕಷ್ಟ. ಅಕ್ಷರ ದಪ್ಪ ಬರ್ತಾವ, ಸಾಲು ಸೊಟ್ಟ ಹೋಗ್ತಾವ. ಹೇಳೋದನ್ನ ಮಾತ್ರ ನೆಟ್ಟಗ ಹೇಳ್ತೇನಿ.

ಮಾಳಗಿ ಮನಿ ಅದು. ಕಲ್ಲಿನ ಗೋಡಿ, ಮ್ಯಾಲ ಮಣ್ಣಿನ ಚಾವಣಿ, ಒಳಗ ಹಗಲೂ ಕತ್ತಲ. ತಲಬಾಗಲ ದಾಟಿದರ ಅಂಗಳ, ಅಂಗಳದ ಒಂದು ಮಗ್ಗಲಿಗೆ ದನದ ಕೊಟ್ಟಿಗಿ, ಎದುರಿಗೆ ಉದ್ದಕ ಪಡಸಾಲಿ. ಪಡಸಾಲಿ ನಡುವ ದೇವರ ಜಗಲಿ. ಜಗಲಿಯ ಎಡಕ್ಕ ದೊಡ್ಡಪ್ಪನ ಅಡಗಿ ಕೋಣಿ, ಬಲಕ್ಕ ನಮ್ಮದು. ನಮ್ಮದು ಮೊದಲ ದನದ ಮೇವು, ಕಣಕಿ ತುಂಬೋ ಕೋಣಿ ಇತ್ತು, ಅದಕ್ಕ ಅದರ ಗೋಡಿಗೆ ಗಿಲಾಯಿ ಇರಲಿಲ್ಲ, ಕಲ್ಲಿನ ಸಂದ್ಯಾಗ ಚೇಳು ಇರ್ತಿದ್ದವು. ಎರಡೂ ಒಲಿಯ ಮ್ಯಾಲ ಚಾವಣಿಗೆ ಒಂದೊಂದು ಬೆಳಕಿಂಡಿ. ಮುಂಜಾನೆ ಮಾಳಗಿ ಮ್ಯಾಲ ಹತ್ತಿ ನಿಂತರ ಎರಡು ಹೊಗಿ ಬ್ಯಾರೆ ಬ್ಯಾರೆ ಏಳ್ತಿದ್ದವು, ಗಾಳಿ ಬಂದರ ಮ್ಯಾಲ ಹೋಗಿ ಕೂಡ್ತಿದ್ದವು. ನಾನು ಹೊಗಿ ನೋಡಿ ಯಾರ ಮನ್ಯಾಗ ರೊಟ್ಟಿ ಆಗ್ಯಾವ, ಯಾರ ಮನ್ಯಾಗ ಇನ್ನ ಒಲಿ ಊದಲಿಕ್ಕ ಹತ್ಯಾರ ಅಂತ ಹೇಳ್ತಿದ್ದೆ.

ಎರಡನೇ ಒಲಿ ಹುಟ್ಟಿದ್ದು ಒಂದು ರೊಟ್ಟಿ ಸಲುವಾಗಿ. ನಾನು ಆಗ ಎದಿಹಾಲು ಕುಡಿಯೋ ಕೂಸು. ಬಾಣಂತಿ ಹೊಟ್ಟಿ, ಅವ್ವ ಇನ್ನೊಂದು ರೊಟ್ಟಿಗೆ ಕೈ ಚಾಚಿದಳಂತ. ದೊಡ್ಡವ್ವ ಬುಟ್ಟಿ ತನ್ನ ಕಡಿ ಎಳಕೊಂಡು, ಹೆಣ್ಣು ಹಡದಾಕಿಗೆ ಇಷ್ಟು ಹಸಿವೇನು ಅಂದಳಂತ. ಪಡಸಾಲ್ಯಾಗ ಕುಂತಿದ್ದ ಅಪ್ಪ ಕೇಳಿಸಿಕೊಂಡ. ಜಗಳ ಮಾಡಲಿಲ್ಲ. ಎದ್ದು ಹಳ್ಳಕ್ಕ ಹೋಗಿ ಕಲ್ಲು ಹೊತಗೊಂಡು ಬಂದು ಕಣಕಿ ಕೋಣ್ಯಾಗ ಒಲಿ ಹೂಡಿದ. ಆ ವರ್ಷಾನೆ ಊರ ಹಿರ್ಯಾರ ಮುಂದ ಹೊಲಾನೂ ವಾಟ್ನಿ ಆತು. ಮ್ಯಾಲಿನ ಹೊಲ ಅಣ್ಣಗ, ಹಳ್ಳದ ಹೊಲ ತಮ್ಮಗ, ನಡುವ ಒಡ್ಡು. ಕಾಗದ ಮಾಡಲಿಲ್ಲ. ಅಣ್ಣತಮ್ಮರ ನಡುವ ಕಾಗದ ತರೋದು ನಾಚಿಕಿ ಅಂತ ಅಪ್ಪ ಅಂದನಂತ. ಪಟ್ಟಾ ಹಿರಿಮಗ ಅಂತ ದೊಡ್ಡಪ್ಪನ ಹೆಸರಿಲೆ ಇತ್ತು, ಅಲ್ಲೇ ಉಳೀತು. ನಮ್ಮಪ್ಪ ಒಳ್ಳೆ ಮನುಷ್ಯಾ ಅಂತ ಊರೆಲ್ಲ ಅಂತಿತ್ತು. ಅವನ ಒಳ್ಳೇತನದ ಬಾಕಿ ನಾವು ತೀರಿಸಿದಿವಿ.

ನಮ್ಮ ಕಡಿ ತಮ್ಮನ ಹೆಂಡ್ತಿ ಗಂಡನ ಅಣ್ಣನ ಜೋಡಿ ಮಾತಾಡೋದಿಲ್ಲ. ಎದುರಿಗೆ ನಿಂತಿದ್ದರೂ ತಲಿ ಮ್ಯಾಲ ಸೆರಗು ಎಳಕೊಂಡು ಮಕ್ಕಳ ಕೈಲಿ ಹೇಳಿಸಬೇಕು. ನಮ್ಮವ್ವಗ ಇದ್ದಾಕಿ ನಾನೊಬ್ಬಾಕಿ. "ಚಂದ್ರಾ, ನಿಮ್ಮ ದೊಡ್ಡಪ್ಪಗ ಹೇಳು, ನಮ್ಮ ಎತ್ತು ಕುಂಟಾಕತ್ಯಾದ ಅಂತ." ದೊಡ್ಡಪ್ಪ ಅಲ್ಲೇ ನಿಂತಿರ್ತಿದ್ದ, ಎಲ್ಲಾ ಕೇಳಿರ್ತಿದ್ದ, ಆದರೂ ನಾನು ಹೊಳ್ಳಿ ಹೇಳೋತನಕ ಕಂಬದ ಕಡಿ ನೋಡಕೋತ ನಿಂದ್ರತಿದ್ದ. ಆಮ್ಯಾಲ, "ನಿಮ್ಮ ಅವ್ವಗ ಹೇಳು, ನಾಳಿ ಲಾಳ ಕಟ್ಟೋರನ್ನ ಕರಸ್ತೇನಿ" ಅಂತಿದ್ದ. ಹಿಂಗಾಗಿ ಮಾತು ಬರೋ ವಯಸ್ಸಿನಿಂದ ನನ್ನ ಬಾಯಾಗ ದೊಡ್ಡವರ ಮಾತ ಓಡ್ಯಾಡಿದವು. ಹುಡುಗಿ ಬಾಯಿ ಭಾಳ ಜೋರ ಅದ ಅಂತ ಮುಂದ ಅತ್ತಿ ಮನ್ಯಾಗ ಬೈಸಿಕೊಂಡೆ. ಆ ಬಾಯಿ ನಾನು ತಂದದ್ದಲ್ಲ, ಆ ಪಡಸಾಲ್ಯಾಗ ಅವರಿಬ್ಬರೂ ಕೂಡಿ ಕೊಟ್ಟದ್ದು.

ಎಳ್ಳಮಾಸಿ ಹಬ್ಬದ ಮಾತು ಇಲ್ಲೇ ಹೇಳಬೇಕು, ಮುಂದ ಅದರ ಕೆಲಸ ಅದ. ಆ ದಿನ ನಮ್ಮ ಸೀಮಿಯೊಳಗ ಯಾರೂ ಮನ್ಯಾಗ ಉಣ್ಣೋದಿಲ್ಲ. ಹಸಿ ಕಡ್ಲಿ, ಅವರಿ, ತೊಗರಿ, ಬದನಿಕಾಯಿ, ಮೆಂತೆ, ಸಿಕ್ಕದ್ದೆಲ್ಲ ಹಾಕಿ ದೊಡ್ಡ ಗಡಗ್ಯಾಗ ಭಜ್ಜಿ ಕುದಿಸೋದು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿಯೋದು, ಹುಳಿ ಅಂಬಲಿ ತುಂಬಿಕೊಂಡು ಗಾಡಿ ಹೂಡಿ ಹೊಲಕ್ಕ ಹೋಗೋದು. ಹೊಲದಾಗ ಜೋಳದ ದಂಟು ನಿಂದರಿಸಿ ಕೊಂಪಿ ಮಾಡಿ, ಸುಣ್ಣ ಹಚ್ಚಿದ ಐದು ಕಲ್ಲು ಪಾಂಡವರು ಅಂತ ಇಟ್ಟು ಪೂಜಿ ಮಾಡಿ, ಹೊಲದ ಮಾಲಕ ಬೆಳಿಯೊಳಗ ಕೂಗಕೋತ ಸುತ್ತಾಡಿ ಚರಗ, ಅಂದ್ರ ಭೂಮಿತಾಯಿ ಎಡಿ, ಚೆಲ್ತಾನ. ಭೂಮಿಗೆ ಉಣಿಸಿದ ಮ್ಯಾಲ ಮಂದಿ ಉಣ್ತಾರ. ಆದರ ಕರೀದೆ ಯಾರ ಹೊಲಕ್ಕೂ ಯಾರೂ ಹೋಗೋದಿಲ್ಲ. ಮಾಲಕ ಮುಂಜಾನೆ ಬಂದು ನಿಮ್ಮ ಒಲಿ ಮುಂದ ನಿಂತು ಕರೀಬೇಕು. ತನ್ನ ಮನಿಯವರನ್ನ ಯಾರೂ ಕರೆಯೋದಿಲ್ಲ, ಅವರು ಗಡಗಿ ಜೋಡಿ ಗಾಡ್ಯಾಗ ಕುಂತು ಹೋಗ್ತಾರ. ಕರೀಲಾರದ ಹೊಲಕ್ಕ ಹೋಗಿ ಭಜ್ಜಿ ಉಂಡ ಅಂತ ಒಬ್ಬನ ಮ್ಯಾಲ ಮಾತು ಬಂತಂದ್ರ ಅಂವ ಊರಾಗ ತಲಿ ಎತ್ತೋದು ಕಷ್ಟ.

ನಮ್ಮಪ್ಪ ಎಳ್ಳಮಾಸಿ ಮುಂಜಾನೆ ತೊಳದ ಧೋತರ ಉಟಗೊಂಡು, ಹೆಗಲ ಮ್ಯಾಲ ಶಲ್ಯ ಹಾಕ್ಕೊಂಡು ಪಡಸಾಲಿ ದಾಟಿ ಹೋಗಿ ದೊಡ್ಡಪ್ಪನ ಒಲಿ ಮುಂದ ನಿಂದ್ರತಿದ್ದ. ಅಣ್ಣಾ, ನಮ್ಮ ಹೊಲಕ್ಕ ಬರ್ರಿ, ವೈನಿ ನೀವೂ ಬರ್ರಿ ಅಂತಿದ್ದ. ಸ್ವಲ್ಪ ಹೊತ್ತಿನ ಮ್ಯಾಲ ದೊಡ್ಡಪ್ಪ ಹಂಗೇ ಶಲ್ಯ ಹಾಕ್ಕೊಂಡು ನಮ್ಮ ಒಲಿ ಮುಂದ ಬಂದು, ತಮ್ಮಾ, ಸಂಜಿಗಿ ನಮ್ಮ ಹೊಲಕ್ಕ ಬಾ ಅಂತಿದ್ದ. ಒಂದ ಮನ್ಯಾಗ ಇದ್ದವರು ಬೀಗರಂಗ ಕರಕೊಳ್ಳೋದು ನೋಡಿ ನನಗ ನಗಿ ಬರ್ತಿತ್ತು. ಅವ್ವ ಮಾತ್ರ ನಗತಿರಲಿಲ್ಲ. ಅಕಿಗೆ ಆ ಕರೆಯೋದರ ಅರ್ಥ ಗೊತ್ತಿತ್ತು.

ಅಪ್ಪ ಸತ್ತದ್ದು ಶ್ರಾವಣದಾಗ. ಜ್ವರ ಬಂತು, ಇಳೀಲಿಲ್ಲ, ಹೋದ. ನನಗ ಹಾಲಹಲ್ಲು ಬಿದ್ದು ಹೊಸ ಹಲ್ಲು ಬರೋ ವಯಸ್ಸು. ಮಣ್ಣು ಕೊಟ್ಟು ಬಂದ ಮ್ಯಾಲ ನಮ್ಮ ಒಲಿ ಹಚ್ಚಲಿಲ್ಲ. ಸಾವಾದ ಮನ್ಯಾಗ ಒಲಿ ಹಚ್ಚಬಾರದು, ಬಂಧುಗಳು ತಂದು ಉಣಿಸಬೇಕು, ಅದು ಪದ್ಧತಿ. ದೊಡ್ಡವ್ವ ಎರಡೂ ಹೊತ್ತು ರೊಟ್ಟಿ ಪಲ್ಲೆ ತಂದು ಕೊಟ್ಟಳು. ಕೈ ತುಂಬ ತುಪ್ಪ ಹಾಕಿದಳು. ಹೆಣ್ಣು ಹಡದಾಕಿಗೆ ರೊಟ್ಟಿ ಕಸಗೊಂಡಾಕಿ ರಂಡಿ ಆದಾಕಿಗೆ ತುಪ್ಪ ಹಾಕಾಕತ್ಯಾಳ ಅಂತ ಅವ್ವ ಗೋಡಿ ಕಡಿ ಮಾರಿ ಮಾಡಿ ಅಂದಳು. ದಿನಗೆಲಸ ಮುಗದವು, ಅಯ್ಯನವರು ಬಂದು ಪಾದಪೂಜಿ ಮಾಡಿಸಿಕೊಂಡು ಹೋದರು, ಬೀಗರು ಬಿಜ್ಜರು ಹೋದರು. ದೊಡ್ಡವ್ವ ಊಟ ತರೋದು ನಿಲ್ಲಿಸಲಿಲ್ಲ. ಒಂದು ಮುಂಜಾನೆ ಅವ್ವ ಎದ್ದು ಬೂದಿ ಬಳದು, ಒಲಿ ಸಾರಿಸಿ, ಕುಳ್ಳು ಒಟ್ಟಿ ಬೆಂಕಿ ಹಚ್ಚಿದಳು. ದೊಡ್ಡವ್ವ ಪಡಸಾಲಿಯೊಳಗ ಊಟದ ಗಂಗಾಳ ಹಿಡಕೊಂಡು ನಿಂತಳು.

"ಯಾಕವಾ ಕಾಶಮ್ಮ, ನಮ್ಮ ಅನ್ನದಾಗ ಹುಳ ಬಿದ್ದಾವೇನು? ಒಂದು ನೀನು, ಒಂದು ಕೂಸು. ಇಷ್ಟಕ್ಕ ಬ್ಯಾರೆ ಒಲಿ ಯಾಕ?"

"ಇಷ್ಟು ದಿನ ಉಂಡೀನಿ ಅಕ್ಕಾ. ಇನ್ನ ಸಾಕು."

ಊರಾಗ ಅವ್ವಗ ಸೊಕ್ಕು ಅಂತ ಹೆಸರು ಬಿತ್ತು. ಕರದು ಅನ್ನ ಹಾಕೋ ಕೈಯನ್ನ ತಳ್ಳಿದಳು ಅಂದರು. ಅದರ ಹಿಂದ ಇನ್ನೊಂದು ಬಂತು. ಕಮಠಾಣದಾಗ ಹೆಂಡ್ತಿ ಸತ್ತವ ಒಬ್ಬಾಂವ ಇದ್ದಾನ, ನೀರಾವರಿ ಹೊಲ ಅದ, ಉಡಕಿ ಮಾಡಿಕೊಂಡು ಹೋಗು ಅಂತ ದೊಡ್ಡವ್ವನ ತವರುಮನಿಯವರು ಬಂದು ಕುಂತರು. ನಮ್ಮವರಾಗ ಉಡಕಿ ತಪ್ಪಲ್ಲ, ಭಾಳ ಮಂದಿ ಮಾಡಿಕೊಂಡಾರ, ಚಲೋತಂಗ ಬಾಳ್ಯಾರ. ಅವ್ವ ಅದನ್ನ ಹಳಿಯಲಿಲ್ಲ. ನನ್ನನ್ನ ಕರದು, ಇವರಿಗೆ ಹೇಳು, ಆ ಕಮಠಾಣದವಗ ಇಲ್ಲಿಗೇ ಬರಲಾಕ ಹೇಳ್ರಿ, ಹಳ್ಳದ ಹೊಲಕ್ಕ ಆಳು ಬೇಕಾಗ್ಯಾನ ಅಂದಳು. ನಾನು ಹಂಗಂಗೇ ಹೇಳಿದೆ. ಬಂದವರು ಚಹಾ ಕುಡೀಲಾರದ ಎದ್ದು ಹೋದರು.

ಆಮ್ಯಾಲ ಔರಾದ ಕಚೇರಿಯಿಂದ ಸುದ್ದಿ ಬಂತು. ನಾವು ಅಣ್ಣತಮ್ಮ ಕೂಡಿ ಇದ್ದವರು, ತಮ್ಮ ಗಂಡು ಸಂತಾನ ಇಲ್ಲದ ಸತ್ತಾನ, ಎಲ್ಲಾ ನನಗ ಬರ್ತದ ಅಂತ ದೊಡ್ಡಪ್ಪ ಅರ್ಜಿ ಕೊಟ್ಟು ಬಂದಿದ್ದ. ಅವ್ವ ನನ್ನ ಕೈ ಹಿಡಕೊಂಡು ಭಾಲ್ಕಿಗೆ, ತನ್ನ ತವರಿಗೆ ಹೋದಳು. ನಮ್ಮ ಮಾವ ಪ್ಯಾಟ್ಯಾಗ ಕಿರಾಣಿ ಅಂಗಡಿ ಇಟ್ಟಿದ್ದ. ತಂಗಿ ಮ್ಯಾಲ ಜೀವ ಇತ್ತು, ಸುಳ್ಳು ಹೇಳಬಾರದು. ಬಾ, ಇಲ್ಲೇ ಇರು, ನಿನ್ನ ಮಗಳ ಮದುವಿ ನಾನು ಮಾಡ್ತೇನಿ ಅಂದ. ಅದಾಲತ್ ಕೋರ್ಟಿನ ಮಾತು ತಗದ ಕೂಡಲೆ ಮಾರಿ ಸಣ್ಣದು ಮಾಡಿದ. ಹೆಣ್ಣಮಕ್ಕಳು ಅಲ್ಲಿ ಮೆಟ್ಟಲ ಹತ್ತಿದರ ಮನೆತನದ ಮಾನ ಏನು ಉಳೀತದ ಅಂದ.

ಅವ್ವ ಅಕ್ಕಿ ಆರಿಸಕೋತ ಕುಂತಿದ್ದಳು. ಮೊರ ಕೆಳಗ ಇಟ್ಟಳು.

"ಅಣ್ಣಾ, ನಾ ಇಲ್ಲಿ ಬಂದು ಕುಂತ್ರ ನಿನ್ನ ಹೆಂಡ್ತಿ ನನಗ ಎಷ್ಟು ದಿನ ತುಪ್ಪ ಹಾಕ್ತಾಳ?"

ನಮ್ಮ ಅತ್ತಿ ಒಳಗ ಪಾತ್ರಿ ಜೋರಾಗಿ ಇಟ್ಟಳು. ಅಷ್ಟು ಸಾಕಾತು. ಮರುದಿನ ಜೋಳದ ಗಾಡಿ ಬೀದರಕ್ಕ ಹೊಂಟಿತ್ತು, ಚೀಲದ ಮ್ಯಾಲ ಕುಂತು ಹೋದಿವಿ. ಮೈಲೂರದಾಗ ಅವ್ವನ ಗೆಳತಿ ತುಳಜವ್ವ ಅಂತ ಇದ್ದಳು, ಮಗ್ಗದವರ ಮನಿ. ಅಕಿ ತನ್ನ ಓಣಿ ಸಮೀಪದ ವಕೀಲಸಾಬರ ಹತ್ತರ ಕರಕೊಂಡು ಹೋದಳು. ವಕೀಲಸಾಬರು ಮುದುಕರು, ಮೆಹಂದಿ ಹಚ್ಚಿದ ದಾಡಿ, ಪಾನದ ಡಬ್ಬಿ ತೊಡಿ ಮ್ಯಾಲ. ಅವ್ವ ಹೇಳೋದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ಮಲಗ್ಯಾರ ಅಂತ ನಾನು ತಿಳಕೊಂಡಿದ್ದೆ.

"ದೇಖೋ ಬಾಯಿ," ಅಂದರು. "ನಿನ್ನ ಗಂಡ ಅಣ್ಣನ ಜೋಡಿ ಕೂಡಿ ಇದ್ದ ಅಂದ್ರ ಅವನ ಪಾಲು ಅಣ್ಣಗ ಹೋಯ್ತು. ನಿನಗ ಉಣ್ಲಾಕ, ಉಡಲಾಕ, ಅಷ್ಟೇ. ಬ್ಯಾರೆ ಆಗಿದ್ದ ಅಂದ್ರ ನೀನು ವಾರಸದಾರಳು. ನಿನ್ನ ಹಿಂದ ಈ ಬೇಟಿ. ಬ್ಯಾರೆ ಆಗಿದ್ರು ಅಂತ ಏನು ಸಬೂತು ಅದ? ಕಾಗದ ಅದ?"

"ಕಾಗದ ಇಲ್ರಿ. ಒಲಿ ಅದ."

ವಕೀಲಸಾಬರು ಕಣ್ಣು ತೆಗದರು. ಒಲಿ ಮಾತು ಹಾಕಿ ದಾವಾ ಮಾಡೋಣ, ಅದಾಲತಿನ ಅಮೀನ ಮನಿ ನೋಡಲಾಕ ಬರ್ತಾನ, ಅಲ್ಲಿತನಕ ಆ ಒಲಿ ಕಾಯ್ಕೋ ಬಾಯಿ ಅಂದರು. ತನ್ನ ಸೊಕ್ಕಿಗೆ ಹಚ್ಚಿದ ಬೆಂಕಿ ತನ್ನ ಹಕ್ಕು ಆಗಿತ್ತು ಅಂತ ಅವ್ವಗ ಆವತ್ತೇ ತಿಳೀತು.

ಅಕಿಗೆ ತಿಳದದ್ದು ದೊಡ್ಡಪ್ಪಗೂ ತಿಳೀತು. ಅವನೂ ಒಬ್ಬ ವಕೀಲನ್ನ ಹಿಡದಿದ್ದ. ದೀಪಾವಳಿ ಮುಂದ ನಾವು ಹಳ್ಳದ ಹೊಲದಾಗ ಕಸ ತಗದು ಸಂಜಿಗೆ ಬಂದು ನೋಡ್ತೇವಿ, ನಮ್ಮ ಅಡಗಿ ಕೋಣ್ಯಾಗ ಒಲಿ ಇಲ್ಲ. ಕಿತ್ತು ಹಾಕಿ, ನೆಲ ಸೆಗಣಿಲೆ ಚಂದ ಸಾರಿಸಿ, ಗೋಡಿ ಮಸಿಗೆ ಸುಣ್ಣ ಬಳದು, ಮಾಡದ ತನಕ ಕಣಕಿ ತುಂಬ್ಯಾರ. ಮ್ಯಾಲ ಬೆಳಕಿಂಡಿಗೆ ಫರಸಿ ಕಲ್ಲು ಮುಚ್ಚಿ ಮಣ್ಣು ಹಾಕ್ಯಾರ. ನಮ್ಮ ಪಾತ್ರಿ ಪಗಡ ಎಲ್ಲಾ ಎಡಗಡಿ ಕೋಣ್ಯಾಗ ದೊಡ್ಡವ್ವನ ಪಾತ್ರಿ ಜೋಡಿ ಕೂಡಿಸಿ ಇಟ್ಟಾರ. ಆ ಕೋಣಿ ಎಂದೂ ಅಡಗಿ ಕಂಡದ್ದೇ ಅಲ್ಲ ಅನ್ನೋಹಂಗ ಇತ್ತು. ದೊಡ್ಡಪ್ಪ ಪಡಸಾಲ್ಯಾಗ ಕುಂತು ಎಲಿ ಅಡಕಿ ಹಾಕಾಕತ್ತಿದ್ದ. ನನ್ನ ಕಡಿ ನೋಡಿ, ನಿಮ್ಮ ಅವ್ವಗ ಹೇಳು, ಮಳಿಗೆ ಕಣಕಿ ತೋಯ್ತಿತ್ತು, ಅದಕ್ಕ ಇಲ್ಲಿ ಇಟ್ಟೀವಿ, ಇನ್ನ ಮ್ಯಾಲ ಎಲ್ಲಾರೂ ಕೂಡೇ ಉಣ್ಣೋಣು ಅಂದ. ದನಿ ಭಾಳ ಮೆತ್ತಗಿತ್ತು. ಮಳಿ ಹೋಗಿ ತಿಂಗಳ ಮ್ಯಾಲ ಆಗಿತ್ತು.

ಅವ್ವ ಅಳಲಿಲ್ಲ. ಅಕಿ ಅಳೋದು ನಾನು ನೋಡಿದ್ದು ಕಡಿಮಿ, ಉಳ್ಳಾಗಡ್ಡಿ ಹೆಚ್ಚುವಾಗ ಅಷ್ಟ. ತನ್ನ ಹಂಚು, ಗಡಗಿ, ಹಿಟ್ಟಿನ ಡಬ್ಬಿ ಒಂದೊಂದೇ ಆರಿಸಿ ಹೊರಗ ತಂದಳು. ತಲಬಾಗಲ ಪೂರಾ ತೆಗದು, ಅಂಗಳದ ನಟ್ಟ ನಡುವ, ಓಣ್ಯಾಗ ಹೋಗೋ ಬರೋರಿಗೆ ಕಾಣೋಹಂಗ ಕಲ್ಲು ಹೂಡಿ ಬೆಂಕಿ ಹಚ್ಚಿದಳು. ರೊಟ್ಟಿ ಬಡಿಯೋ ಸಪ್ಪಳ ಓಣಿ ತುದಿ ತನಕ ಕೇಳ್ತಿತ್ತು, ಬೇಕಂತಲೇ ಜೋರ ಬಡೀತಿದ್ದಳು. ನೀರಿಗೆ ಹೋಗೋ ಹೆಣ್ಣಮಕ್ಕಳು ಬಾಗಲದಾಗ ನಿಂತು ನೋಡಿದರು. ಅವರಿಗೆ ಕೇಳೋಹಂಗ ಅವ್ವ ನನಗ ಹೇಳಿದಳು:

"ಚಂದ್ರಾ, ನಿಮ್ಮ ದೊಡ್ಡಪ್ಪಗ ಹೇಳು. ಮನ್ಯಾಗಿನ ಒಲಿ ನಾಲ್ಕು ಮಂದಿ ನೋಡಿದ್ರು. ಈಗ ಊರೆಲ್ಲಾ ನೋಡ್ತದ. ಛಲೋ ಮಾಡಿದ್ರಿ ಅನ್ನು."

ಚಳಿಗಾಲ ಪೂರಾ ಅಂಗಳದಾಗ ಅಡಗಿ ಮಾಡಿದಿವಿ. ಗಾಳಿಗೆ ಬೂದಿ ಹಾರಿ ಸಾರಿನಾಗ ಬೀಳ್ತಿತ್ತು. ನಾಯಿ ಕಾಯೋದು ನನ್ನ ಕೆಲಸ. ಬೂದಿ ಬಿದ್ದ ಸಾರು ಉಂಡು ದೊಡ್ಡಾಕಿ ಆದೆ, ಅದಕ್ಕ ಇವತ್ತಿಗೂ ಯಾರಾದರೂ ಉಪ್ಪು ಕಡಿಮಿ, ಖಾರ ಜಾಸ್ತಿ ಅಂತ ಗಂಗಾಳ ಸರಸಿದರ ನನಗ ಸಿಟ್ಟು ಬರ್ತದ. ಅಮೀನ ಬಂದ, ನೋಡಿದ, ಬರಕೊಂಡು ಹೋದ. ಒಳಗ ಒಂದ ಒಲಿ, ಹೊರಗಿನದು ದಾವಾ ಹಾಕಿದ ಮ್ಯಾಲ ಹೂಡಿದ್ದು ಅಂತ ದೊಡ್ಡಪ್ಪ ತೋರಿಸಿದ. ವಾಟ್ನಿ ಮಾಡಿಸಿದ ಹಿರ್ಯಾರಾಗ ಒಬ್ಬಾಂವ ಸತ್ತಿದ್ದ, ಉಳದವರಿಗೆ ಒಬ್ಬೊಬ್ಬರಿಗೇ ನೆನಪು ಹಾರಿ ಹೋತು. ಅವರು ಎಲ್ಲಾರೂ ದೊಡ್ಡಪ್ಪನ ಬಾವಿಯಿಂದ ಹೊಲಕ್ಕ ನೀರು ತಗೋಳೋರು.

ಆ ವರ್ಷದ ಎಳ್ಳಮಾಸಿ ಮರೀಲಿಕ್ಕ ಆಗೋದಿಲ್ಲ. ದೊಡ್ಡಪ್ಪ ಎರಡೂ ಹೊಲದ ಚರಗ ತಾನೇ ಚೆಲ್ತೇನಿ ಅಂತ ಊರಾಗ ಹೇಳಿಕೊಂಡು ಅಡ್ಡಾಡಿದ. ಚರಗ ಚೆಲ್ಲಿದವನೇ ಮಾಲಕ ಅಂತ ಮಂದಿ ತಿಳಕೊಳ್ತಾರ, ಅದು ಅವಗ ಗೊತ್ತಿತ್ತು. ಅವ್ವ ನಸುಕಿನಾಗ ಎದ್ದು ಅಂಗಳದ ಒಲಿ ಮ್ಯಾಲ ಭಜ್ಜಿ ಗಡಗಿ ಏರಿಸಿದಳು. ನಮ್ಮ ಮನ್ಯಾಗ ಗಂಡಸಿಲ್ಲ, ಕರೀಲಿಕ್ಕ ನಾನೇ ಹೋಗಬೇಕಾತು. ಓಣಿಯ ಒಂದೊಂದು ಒಲಿ ಮುಂದ ನಿಂತು, ನಮ್ಮ ಹೊಲಕ್ಕ ಬರ್ರಿ ಅಂದೆ. ಹ್ಞೂಂ ಅಂದರು, ಮಾರಿ ನೋಡಲಿಲ್ಲ. ಗಡಗಿ ಅವ್ವನ ತಲಿ ಮ್ಯಾಲ, ರೊಟ್ಟಿ ಬುಟ್ಟಿ ನನ್ನ ತಲಿ ಮ್ಯಾಲ. ಹಳ್ಳದ ಹೊಲದಾಗ ಸಣ್ಣ ಕೊಂಪಿ ಮಾಡಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಕುಂತಿವಿ. ಯಾರೂ ಬರಲಿಲ್ಲ. ಒಡ್ಡಿನ ಆ ಕಡಿ ಮ್ಯಾಲಿನ ಹೊಲದಾಗ ಜಾತ್ರಿಯಂಥ ಗದ್ದಲ, ನಮಗ ಹ್ಞೂಂ ಅಂದವರೆಲ್ಲ ಅಲ್ಲೇ ಕುಂತು ಉಣ್ಣಾಕತ್ತಿದ್ದರು. ಅವ್ವ ಮೂಗು ಒರಸಿಕೊಂಡು ಎದ್ದಳು. ಭಜ್ಜಿ, ಅಂಬಲಿ ಕಲಸಿದ ಬೋಗಾಣಿ ನನ್ನ ಕೈಯಾಗ ಇಟ್ಟಳು.

"ನಡಿ. ನಿಮ್ಮಪ್ಪನ ಹೊಲ ಇದು, ಚೆಲ್ಲು. ಸಣ್ಣ ದನಿಲೆ ಬ್ಯಾಡ, ಒಡ್ಡಿನ ಆ ಕಡಿ ಕುಂತವರಿಗಿ ಕೇಳಬೇಕು."

ಹೆಣ್ಣು ಹುಡುಗಿ ಚರಗ ಚೆಲ್ಲಿದ್ದನ್ನ ನಮ್ಮೂರು ಅಲ್ಲಿತನಕ ನೋಡಿರಲಿಲ್ಲ. ದೊಡ್ಡಪ್ಪ ತನ್ನ ಚರಗದ ಬುಟ್ಟಿ ಹಿಡಕೊಂಡು ಒಡ್ಡಿನ ಮ್ಯಾಲ ಬಂದು ನಿಂತಿದ್ದ. ನಾನು ಗಂಟಲ ಹರಕೊಂಡು ಕೂಗಕೋತ ಒಡ್ಡಿನ ಬುಡಕ್ಕೇ ಹೋಗಿ ಅವನ ಕಾಲ ಮುಂದಿನ ಮಣ್ಣಿಗೆ ಒಂದು ಹಿಡಿ ಚೆಲ್ಲಿದೆ. ಅಂವ ಒಡ್ಡು ಇಳೀಲಿಲ್ಲ. ಹೊಳ್ಳಿ ಹೋದ. ಉಳದ ಭಜ್ಜಿ ನಾವಿಬ್ಬರೂ ಮೂರು ದಿನ ಉಂಡಿವಿ.

ಬ್ಯಾಸಗಿ ಬರೋತನಕ ಬೀದರದ ಪೇಶಿ ತಾರೀಖು ಮುಂದ ಮುಂದ ಹೋಗಿ, ಕಡೀಗೆ ದೊಡ್ಡಪ್ಪನ ಜಬಾನಿ, ಅವನ ಹೇಳಿಕಿ, ತಗೊಳ್ಳೋ ದಿನ ಬಂತು. ನಾವು ಮೈಲೂರದಾಗ ತುಳಜವ್ವನ ಮನ್ಯಾಗ ಇಳಕೊಂಡಿದ್ದಿವಿ. ಅದಾಲತಿನ ಕೋಣಿ ಎತ್ತರ ಚಾವಣಿದು, ಪಾರಿವಾಳ ಹಿಕ್ಕಿ ಹಾಕಿದ್ದವು. ಅವ್ವ ಬಾಗಲ ಮಗ್ಗಲಿಗೆ ನೆಲದ ಮ್ಯಾಲ ಸೆರಗು ಮಾರಿತನಕ ಎಳಕೊಂಡು ಕುಂತಳು. ನ್ಯಾಯ ಮಾಡೋ ಹಾಕಿಮರು ಉರ್ದುದಾಗ ಕೇಳ್ತಿದ್ದರು, ಅವರ ಗುಮಾಸ್ತ ಪೇಶಕಾರ ಕನ್ನಡದಾಗ ಹೇಳ್ತಿದ್ದ. ದೊಡ್ಡಪ್ಪ ಹೊಸ ರುಮಾಲು ಸುತಗೊಂಡು ಬಂದಿದ್ದ. ಚಂದ ಹೇಳಿದ, ಎಲ್ಲೂ ತಡವರಸಲಿಲ್ಲ. ಮನಿಗೆ ಒಂದ ಬಾಗಲ, ಒಂದ ಜಗಲಿ, ಪಟ್ಟಾ ನನ್ನ ಹೆಸರಿಲೆ, ತಮ್ಮ ನನ್ನ ಮಗ ಇದ್ದಂಗ, ಅವನ ಊಟ ಉಡಗಿ ಎಲ್ಲಾ ನಮ್ಮ ಒಲಿ ಮ್ಯಾಲ, ಈ ಹೆಣ್ಣಮಗಳು ಮಂದಿ ಮಾತು ಕೇಳಿ ಅಂಗಳದಾಗ ಕಲ್ಲು ಹೂಡ್ಯಾಳ ಅಂದ. ತಮ್ಮ ಅನ್ನೋವಾಗ ಕಣ್ಣು ಒರಸಿಕೊಂಡ. ನಮ್ಮ ವಕೀಲಸಾಬರು ಏನು ಕೇಳಿದರೂ ಅದಕ್ಕ ಉತ್ತರ ತಯಾರ ಇತ್ತು. ಹಾಕಿಮರು ಹೌದೌದು ಅನ್ನೋಹಂಗ ತಲಿ ಅಲುಗಿಸ್ತಿದ್ದರು. ನಮ್ಮ ಹೊಲ ನಮ್ಮ ಕೈಯಿಂದ ಹೊಂಟದ್ದು ನನಗೂ ಕಂಡಿತು.

ಅವ್ವ ನನ್ನ ಲಂಗ ಜಗ್ಗಿದಳು.

"ವಕೀಲಸಾಬರಿಗಿ ಹೇಳು. ಎಳ್ಳಮಾಸಿಗಿ ವರ್ಷಾ ನಮ್ಮ ಹೊಲಕ್ಕ ಬಂದು ಉಂಡು ಹೋಗ್ತಿದ್ದಿ, ಕರೀಲಾರದ ಬರ್ತಿದ್ದಿ, ಹೌದಿಲ್ಲೋ ಅಂತ ಅವಗ ಕೇಳ್ರಿ ಅನ್ನು."

"ಅಪ್ಪ ಹೋಗಿ ಕರೀತಿದ್ದನಲ್ಲವ್ವ."

"ನನಗ ಗೊತ್ತದ. ನೀ ಹೋಗಿ ಹೇಳು."

ನಾನು ಹೋಗಿ ಮುದುಕನ ಕಿವ್ಯಾಗ ಹೇಳಿದೆ. ಅವರಿಗೆ ತಿಳೀಲಿಲ್ಲ, ಪಟ್ಟಣದ ಮನುಷ್ಯಾ, ನಮ್ಮ ಎಳ್ಳಮಾಸಿ ಅವರಿಗೆ ಎಲ್ಲಿ ಗೊತ್ತು. ಇದು ಕೇಳಿ ಏನಾಗ್ತದ ಅಂತ ಅವ್ವನ ಕಡಿ ನೋಡಿದರು. ಅವ್ವನ ಸೆರಗು ಅಲುಗಲಿಲ್ಲ. ವಕೀಲಸಾಬರು ಪಾನ ಗಲ್ಲಕ್ಕ ಸರಸಿ, ನಗಕೋತ ಕೇಳಿದರು. ಏನಪ್ಪಾ, ತಮ್ಮನ ಭಜ್ಜಿಗೆ ಕರೀಲಾರದ ಹೋಗ್ತಿದ್ದಿಯಂತ, ವರ್ಷಾ? ಹಿಂದ ಕುಂತ ನಮ್ಮೂರವರು ಖಿಸ್ ಅಂದರು. ದೊಡ್ಡಪ್ಪನ ಮಾರಿ ರುಮಾಲಿನಂಗ ಕೆಂಪ ಆತು.

"ಯಾವ ಹಲ್ಕಟ್ ಹೇಳ್ಯಾನ? ಕರೀಲಾರದ ಉಣ್ಲಾಕ ಹೋಗೋ ಮನುಷ್ಯಾ ಅಲ್ಲ ನಾ. ಅಂವ ತಾನಾಗಿ ನಮ್ಮ ಒಲಿ ಮುಂದ ಬಂದು ನಿಂತು, ಅಣ್ಣಾ ನಮ್ಮ ಹೊಲಕ್ಕ ಬರ್ರಿ ಅಂತ ಕರದ ಮ್ಯಾಲ ಹೋಗೀನಿ. ನಾನೂ ಅವನ ಒಲಿ ಮುಂದ ಹೋಗಿ ನಮ್ಮ ಹೊಲಕ್ಕ ಬಾ ಅಂತ ಕರದೀನಿ. ಒಂದು ವರ್ಷಾನೂ ತಪ್ಪಿಲ್ಲ. ಊರಿಗಿ ಕೇಳ್ರಿ, ಇವರೆಲ್ಲಾ ನೋಡ್ಯಾರ."

ಹಿಂದ ಕುಂತ ಹಿರ್ಯಾರು, ನೆನಪು ಹಾರಿದವರು, ಹೌದ್ರಿ, ತಮ್ಮ ಕರೀತಿದ್ದನ್ರಿ, ಕರೀಲಾರದ ಹೋದವನಲ್ರಿ ಅಂತ ತಲಿ ಅಲುಗಿಸಿದರು. ಊರ ಹಿರೇ ಮನುಷ್ಯಾಗ ಅಂಥಾ ಮಾತು ಬರಬಾರದಲ್ಲ. ವಕೀಲಸಾಬರ ನಗಿ ನಿಂತು ಹೋತು. ಅವರಿಗೆ ಈಗ ತಿಳದಿತ್ತು. ಅವನ ಒಲಿ ಅಂದ್ರ ಯಾರ ಒಲಿ, ಎಲ್ಲಿತ್ತು, ಅವನ ಹೊಲ ಅಂದ್ರ ಯಾವುದು ಅಂತ ಮೆಲ್ಲಕ ಕೇಳಿದರು. ತನ್ನವರನ್ನ ಕರೆಯೋ ಪದ್ಧತಿ ನಿಮ್ಮಲ್ಲಿ ಅದ ಏನು ಅಂತ ಕೇಳಿದರು. ದೊಡ್ಡಪ್ಪ ಹೊಳ್ಳಿ ತನ್ನ ವಕೀಲನ ಕಡಿ ನೋಡಿದ. ಹಾಕಿಮರು ಪೇಶಕಾರನಿಗೆ ಬರಕೋ ಅಂದರು.

ಫೈಸಲಾ ಮಳಿಗಾಲದಾಗ ಬಂತು. ಅಣ್ಣತಮ್ಮ ಬ್ಯಾರೆ ಆಗಿದ್ದರು, ಹಳ್ಳದ ಹೊಲ, ಮನಿಯ ಬಲಗಡಿ ಭಾಗ ಕಾಶಮ್ಮಗ, ಅಕಿ ಇರೋತನಕ, ಅಕಿ ಹಿಂದ ಮಗಳಿಗೆ ಅಂತ ವಕೀಲಸಾಬರು ಓದಿ ಹೇಳಿದರು. ತುಳಜವ್ವ ಸಕ್ಕರಿ ತಂದಳು. ಅವ್ವ ಸಕ್ಕರಿ ಬಾಯಾಗ ಹಾಕ್ಕೊಳ್ಳಲಿಲ್ಲ.

"ಇರೋತನಕ ಅಂದ್ರ ಏನ್ರಿ? ಗಂಡಸರಿಗೂ ಹಂಗೇ ಬರೀತಾರೇನು?"

"ಇಲ್ಲ ಬಾಯಿ. ಮಾರಲಾಕ ನಿನಗ ಹಕ್ಕಿಲ್ಲ. ಹೆಣ್ಣಮಕ್ಕಳಿಗಿ ಕಾನೂನು ಹಿಂಗೇ ಅದ."

"ಕಾನೂನು ಮಾಡಿದವಗ ಅವ್ವ ಇದ್ದಿಲ್ಲ ಕಾಣ್ತದ," ಅಂದು ಆಮ್ಯಾಲ ಸಕ್ಕರಿ ತಿಂದಳು.

ಆ ಕಾನೂನು ಬದಲಾಗೋದನ್ನ ನೋಡಲಿಕ್ಕ ಅವ್ವ ಇರಲಿಲ್ಲ, ನಾನಿದ್ದೆ. ಅಕಿ ಹೋದ ಮ್ಯಾಲ ಹೊಲ ನನಗ ಬಂತು. ದೊಡ್ಡಪ್ಪನ ಮೊಮ್ಮಕ್ಕಳು ಮಿಠಾಯಿ ಹಿಡಕೊಂಡು ಬಂದು, ಅತ್ತಿ, ನಿಮಗ ಅಲ್ಲಿ ಯಾರಿದ್ದಾರ, ಹಕ್ಕು ಬಿಟ್ಟು ಸಹಿ ಮಾಡ್ರಿ ಅಂದರು. ನನ್ನ ಹೊಟ್ಯಾಗ ಹುಟ್ಟಿದ ಗಂಡಮಕ್ಕಳೂ, ಹೋಗ್ಲಿ ಬಿಡವ್ವ, ಬಂಧುತ್ವ ಉಳೀಲಿ ಅಂದರು. ಮಿಠಾಯಿ ಇಟಗೊಂಡೆ, ಸಹಿ ಮಾಡಲಿಲ್ಲ. ನನ್ನ ಹೆಣ್ಣಮಕ್ಕಳನ್ನ ಕೂಡಿಸಿಕೊಂಡು ಹೇಳೀನಿ, ಅಣ್ಣತಮ್ಮರು ಸೀರಿ ತಂದು ಕಾಗದ ಮುಂದ ಇಟ್ಟರ ಸೀರಿ ಉಟಗೋರಿ, ಕಾಗದ ಒಲ್ಯಾಗ ಹಾಕ್ರಿ ಅಂತ. ನನ್ನ ಗಂಡಮಕ್ಕಳು ಇದನ್ನ ಓದ್ತಾರ. ಓದಲಿ ಅಂತೇ ಬರದೀನಿ.

ಬೀದರದಿಂದ ಬಂದ ದಿನ ಅವ್ವ ಸೀರಿ ಕಚ್ಚಿ ಹಾಕಿ ಮಾಳಗಿ ಮ್ಯಾಲ ಹತ್ತಿದಳು. ಹಾರಿ ಹಾಕಿ ಬೆಳಕಿಂಡಿಯ ಫರಸಿ ಕಲ್ಲು ಎಬ್ಬಿಸಿ ಅಂಗಳಕ್ಕ ಒಗದಳು. ಕಣಕಿ ತಗಸಿ, ಕೋಣ್ಯಾಗ ಹೊಳ್ಳಿ ಒಲಿ ಹೂಡಿದಳು. ದೊಡ್ಡಪ್ಪ ಹೈದರಾಬಾದಿನ ಮ್ಯಾಲಿನ ಅದಾಲತಿಗೆ ಹೋಗ್ತೇನಿ ಅಂತ ಹೇಳಿಕೊಂಡು ಅಡ್ಡಾಡಿದ, ಹೋಗಲಿಲ್ಲ. ಪಡಸಾಲ್ಯಾಗ ಎದುರ ಬದುರ ಬಂದರ ಅಂವ ಕಂಬ ನೋಡ್ತಿದ್ದ, ಅವ್ವ ಜಗಲಿ ನೋಡ್ತಿದ್ದಳು. ನನ್ನ ಬಾಯಿಗೂ ಕೆಲಸ ಇರಲಿಲ್ಲ.

ಹಿಂಗೇ ಎಳ್ಳಮಾಸಿ ಬಂತು. ಭಜ್ಜಿ ಕುದೀತು. ಓಣಿಗೆ ಕರೀಲಿಕ್ಕ ನಾನು ಹೊಂಟಾಗ ಅವ್ವ ನನ್ನ ಜಡಿ ಹೊಳ್ಳಿ ಹೆಣದು, ಅಪ್ಪನ ಶಲ್ಯ ಪೆಟ್ಟಿಗ್ಯಾಗಿಂದ ತಗದು ನನ್ನ ಹೆಗಲ ಮ್ಯಾಲ ಹಾಕಿದಳು. ಅದು ನನ್ನ ಮೊಣಕಾಲ ತನಕ ಬರ್ತಿತ್ತು. ಮೊದಲ ನಿಮ್ಮ ದೊಡ್ಡಪ್ಪನ್ನ ಕರದು ಬಾ ಅಂದಳು. ನಾನು ಪಡಸಾಲಿ ದಾಟಿ ಹೋಗಿ ಎಡಗಡಿ ಒಲಿ ಮುಂದ ನಿಂತೆ. ದೊಡ್ಡವ್ವ ರೊಟ್ಟಿ ಬಡಿಯೋದು ನಿಲ್ಲಿಸಿದಳು. ದೊಡ್ಡಪ್ಪ ಶಲ್ಯದ ಕಡಿ ಭಾಳ ಹೊತ್ತು ನೋಡಿದ.

"ದೊಡ್ಡಪ್ಪಾ, ನಮ್ಮ ಹೊಲಕ್ಕ ಬರ್ರಿ. ದೊಡ್ಡವ್ವ, ನೀವೂ ಬರ್ರಿ."

ಬಂದರ ಅಂವ ಕರದ ಮ್ಯಾಲ ಬಂದ ಮಂದಿ ಆಗ್ತಾನ, ಮನಿಯವ ಅಲ್ಲ. ಬರಲಾರದ ಇದ್ದರ ಎಳ್ಳಮಾಸಿ ಕರೆ ತಳ್ಳಿದ ಅಂತ ಊರು ಉಗುಳ್ತದ. ಅಂವ ಎರಡೂ ತೂಗಿ ನೋಡಿದ್ದು ಅವನ ಮಾರಿ ಮ್ಯಾಲ ಕಾಣ್ತಿತ್ತು. ಅಷ್ಟು ಹೊತ್ತೂ ನಾನು ನಿಂತೇ ಇದ್ದೆ, ಅವ್ವ ಹಂಗೇ ಹೇಳಿ ಕಳಿಸಿದ್ದಳು.

ಬಂದ. ಹೋದ ವರ್ಷ ಹ್ಞೂಂ ಅಂದು ಬರಲಾರದ ಓಣಿಯವರೂ ಅವನ ಬೆನ್ನ ಹಿಂದ ಬಂದರು. ನಾನು ಚರಗ ಚೆಲ್ಲಿದೆ, ಯಾರೂ ಏನೂ ಅನ್ನಲಿಲ್ಲ. ಕೊಂಪಿ ಮುಂದ ಎಲ್ಲಾರೂ ಸಾಲಾಗಿ ಕುಂತರು. ಅವ್ವ ಮೊದಲ ದೊಡ್ಡಪ್ಪಗ ಬಡಿಸಿದಳು, ಎಲ್ಲಾರಿಗಿಂತ ಜಾಸ್ತಿ ಬಡಿಸಿದಳು, ಮ್ಯಾಲ ತುಪ್ಪ ಸುರವಿದಳು. ಅಂವ ತಲಿ ಬಗ್ಗಿಸಿ ಉಂಡ. ರೊಟ್ಟಿ ಮುಗದ ಮ್ಯಾಲ ನನ್ನ ಕಡಿ ತಿರುಗಿ, ನಿಮ್ಮ ಅವ್ವಗ ಹೇಳು, ಭಜ್ಜಿ ಛಲೋ ಆಗ್ಯಾದ ಅಂದ. ನಾನು ಹೇಳಲಿಕ್ಕ ಬಾಯಿ ತೆಗದೆ. ಅವ್ವ ಸೆರಗು ಹಣಿತನಕ ಸರಸಿ, ಮಾರಿಗೆ ಮಾರಿ ಕೊಟ್ಟು ಅವನ ಮುಂದ ನಿಂತಳು.

"ಉಣ್ರಿ ಭಾವ. ಮುಂದಿನ ವರ್ಷಾನೂ ಕರೀತೇವಿ."